ಆರನೆಯ ಸ್ಥಳ

ಲಾಬುಂಗೆ ಎಂಬ ಕಡಲಂಚಿನ ಊರಿನ ಚರಿತ್ರೆಯಲ್ಲಿ ನೆನಪಿಡಬೇಕಾದ ಘಟನೆಗಳು ಎರಡೇ ಎರಡು. ಮುತ್ತಜ್ಜಂದಿರ ಕಾಲದಲ್ಲಿ ಡಚ್ಚರ ಹಡಗೊಂದು ಇಲ್ಲಿನ ಮರಳುದಿಣ್ಣೆಗೆ ಹತ್ತಿ ಕೂತು, ಏಳು ದಿನ ಎಳೆದಾಡಿಸಿಕೊಂಡು, ಕೊನೆಗೆ ಲಂಗರನ್ನು ಬಿಟ್ಟು ಹೋದದ್ದು ಮೊದಲನೆಯದು. ಲಾ ಸೆನ್ನಂಗನ ಎಡಗಾಲಿನ ಚಪ್ಪಲಿ ಕಾಣೆಯಾದದ್ದು ಎರಡನೆಯದು. ಮೊದಲನೆಯದರಿಂದ ಊರಿಗೆ ತುಕ್ಕು ಹಿಡಿದ ಒಂದು ಲಂಗರು ಸಿಕ್ಕಿತು. ಎರಡನೆಯದರಿಂದ ಇಡೀ ಒಂದು ಮನೆ ಎದ್ದು ನಡೆಯಿತು.

ಅದೊಂದು ಶುಕ್ರವಾರ. ಬೆಳಗಿನ ಕಾಫಿ ಮುಗಿಸಿದ ಲಾ ಸೆನ್ನಂಗ್ ತನ್ನ ಮರದ ಮನೆಯ ಏಳು ಮೆಟ್ಟಿಲು ಇಳಿದ. ಬಲಗಾಲಿಗೆ ಚಪ್ಪಲಿ ಸಿಕ್ಕಿತು. ಎಡಗಾಲಿಗೆ ತಣ್ಣನೆಯ ಮರಳು ಸಿಕ್ಕಿತು. ಬಗ್ಗಿ, ಮನೆಯನ್ನು ಹೊತ್ತು ನಿಂತ ಕಂಬಗಳ ನಡುವೆ ಹುಡುಕಿದ. ಹರಿದ ಬಲೆ ಇತ್ತು, ಕೋಳಿಗಳಿದ್ದವು, ಪಕ್ಕದ ಮನೆಯ ಮೇಕೆ ಇತ್ತು. ಮೇಕೆಯ ಬಾಯಿ ಅಗಲಿಸಿಯೂ ನೋಡಿದ. ಚಪ್ಪಲಿ ಇರಲಿಲ್ಲ.

ಸೆನ್ನಂಗ್ ಎಂದರೆ ಆ ಸೀಮೆಯ ಮಾತಿನಲ್ಲಿ ನೆಮ್ಮದಿ. ಹೆಸರಿಟ್ಟ ಅಜ್ಜಿ ಮಗುವಿನ ಮುಖವನ್ನು ಕತ್ತಲಲ್ಲಿ ನೋಡಿರಬೇಕು ಎಂದು ಊರಿನ ಅಭಿಪ್ರಾಯ.

"ಬೆಚ್ಚೆ, ನನ್ನ ಎಡಗಾಲಿಂದು ಎಲ್ಲಿ?"

ಅಡುಗೆಮನೆಯ ಕಿಟಕಿಯಿಂದ ಹೆಂಡತಿಯ ತಲೆ ಹೊರಬಂತು. "ನಿನ್ನೆ ಸಂಜೆ ನೀವೇ ಎಸೆದ್ರಲ್ಲ."

"ಎಸೆದದ್ದು ನಂಗೂ ಗೊತ್ತು. ಎಸೆದದ್ದು ಬಿದ್ದಲ್ಲೇ ಇರ್ಬೇಕಲ್ಲ?"

"ಆ ಮಕಸ್ಸಾರ್ ಪಟ್ಟಣದ ದಪ್ಪ ಮನುಷ್ಯ ಎತ್ಕೊಂಡು ಹೋದ. ಭುಜಕ್ಕೆ ಬಿತ್ತಲ್ಲ, ಮರಳು ಒರೆಸಿ, ಚೀಲದಲ್ಲಿಟ್ಕೊಂಡ. ಹೋಗೋವಾಗ ನಂಗೂ ಹೇಳಿ ಹೋದ."

"ಏನಂತ?"

"ತುಂಬಾ ಸಂತೋಷ ಆಯ್ತು ಅಂತ."

ಲಾ ಸೆನ್ನಂಗನ ಕಿವಿಗಳು ಬೇಯಿಸಿದ ಸಿಗಡಿಯ ಬಣ್ಣಕ್ಕೆ ತಿರುಗಿದವು. ಹೊಡೆಸಿಕೊಂಡವನು ಅಳಬಹುದು, ತಿರುಗಿ ಹೊಡೆಯಬಹುದು, ಪೊಲೀಸರ ಹತ್ತಿರ ಹೋಗಬಹುದು. ಚಪ್ಪಲಿಯನ್ನು ಪ್ರಸಾದದ ಹಾಗೆ ಕಟ್ಟಿಕೊಂಡು ಹೋಗುವುದು ಯಾವ ದೇಶದ ನ್ಯಾಯ?

ಅವನ ಸಿಟ್ಟಿಗೆ ಕಾರಣವಿತ್ತು. ಮೂವತ್ತೆರಡು ವರ್ಷ ಅವನು ಪರರ ದೋಣಿಯಲ್ಲಿ, ಪರರ ಬಲೆ ಎಳೆಯುತ್ತ, ಪರರ ಹರಟೆ ಕೇಳುತ್ತ ಕಳೆದಿದ್ದ. ದೋಣಿಯಲ್ಲಿ ಎದ್ದು ಹೋಗುವುದಕ್ಕೆ ಜಾಗವಿಲ್ಲ. ಪಕ್ಕದವನು ತನ್ನ ಅತ್ತೆಯ ಕತೆಯನ್ನು ಹದಿನಾಲ್ಕನೆಯ ಸಲ ಹೇಳಿದರೂ ಕೇಳಬೇಕು. ಅಷ್ಟೂ ವರ್ಷ ಅವನು ಕನಸು ಕಂಡದ್ದು ಒಂದನ್ನೇ: ಮುಪ್ಪಿನಲ್ಲಿ, ಸಂಜೆ, ತನ್ನ ಮನೆಯ ಮೆಟ್ಟಿಲ ಮೇಲೆ, ಬರಿಮೈಯಲ್ಲಿ, ಲುಂಗಿ ಎತ್ತಿ ಕಟ್ಟಿ, ಒಂದು ಲೋಟ ಕಾಫಿ ಹಿಡಿದು, ಯಾರ ಮುಖವನ್ನೂ ನೋಡದೆ ಕೂರುವುದು. ಆ ಭಾಗ್ಯ ಅವನಿಗೆ ದಕ್ಕಿದ್ದು ಸರಿಯಾಗಿ ಒಂದು ವರ್ಷ ನಾಲ್ಕು ತಿಂಗಳು.

ಆಮೇಲೆ ಬೋರ್ಡು ಬಂತು.

ಕಾಫಿ ಅಂಗಡಿಯ ಎದುರು, ಮೂರು ದಾರಿ ಕೂಡುವಲ್ಲಿ, ಎರಡಾಳು ಎತ್ತರದ ಹಸಿರು ಬೋರ್ಡು. ಅದರ ಮೇಲೆ 'ಲಾಬುಂಗೆಯಲ್ಲಿ ನೋಡಬೇಕಾದ ಸ್ಥಳಗಳು'. ಒಂದು, ಹುಣಸೆಮರದಡಿಯ ಸಂತನ ಗೋರಿ. ಎರಡು, ಡಚ್ಚರ ಲಂಗರು. ಮೂರು, ಕಾಂಡ್ಲಾ ಕಾಡಿನ ಕಾಲುಸೇತುವೆ. ನಾಲ್ಕು, ಉಪ್ಪಿನ ಗದ್ದೆ. ಐದು, ಇಳಿತದ ಹೊತ್ತು ಸಮುದ್ರದ ನಡುವೆ ಉಕ್ಕುವ ಸಿಹಿನೀರಿನ ಬುಗ್ಗೆ. ಆರು, ಸೂರ್ಯಾಸ್ತ. ಏಳನೆಯದಕ್ಕೆ ಏನೂ ಸಿಗದೆ, ಊರ ಮುಖ್ಯಸ್ಥರು ತಮ್ಮ ಮೀನುಹೊಂಡವನ್ನು ಹಾಕಿಸಿದ್ದರು.

ಆರನೆಯದಕ್ಕೆ ಪ್ರತ್ಯೇಕ ಬಾಣದ ಹಲಗೆಯೊಂದನ್ನು ಲಾ ಸೆನ್ನಂಗನ ಅಂಗಳದ ತೆಂಗಿನಮರಕ್ಕೆ ಹೊಡೆದಿದ್ದರು. ಅವನು ಅದನ್ನು ನಾಲ್ಕು ಸಲ ಕಿತ್ತ. ಪ್ರತಿ ಸಲವೂ ಯಾರೋ ಮುಂಚಿನದಕ್ಕಿಂತ ಉದ್ದದ ಮೊಳೆ ಹುಡುಕಿ ತಂದು ಹೊಡೆದರು. ಈಗಿರುವುದು ದೋಣಿಯ ಮೊಳೆ, ಗೇಣುದ್ದದ್ದು.

ಬರುವ ಜನರಾದರೂ ಎಂಥವರು? ಸೂರ್ಯ ಮುಳುಗುವುದನ್ನು ನೋಡಲು ಮಕಸ್ಸಾರಿನಿಂದ ಮೂರು ತಾಸು ವ್ಯಾನಿನಲ್ಲಿ ಕುಲುಕಿಸಿಕೊಂಡು ಬಂದು, ಸೂರ್ಯನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಪಟ್ಟಣದವರಿಗೆ ಪಡುವಣ ಯಾವುದು ಮೂಡಣ ಯಾವುದು ಎಂಬುದೂ ತಿಳಿಯದು ಎಂದು ಲಾ ಸೆನ್ನಂಗನಿಗೆ ಅಂದೇ ಖಾತ್ರಿಯಾಗಿತ್ತು. ಪಕ್ಕದ ಮನೆಯ ಲಾ ಉಪೆಗೆ ಅಷ್ಟೂ ತಿಳಿಯದು. ಅವನು ಹಳೆಯ ದೋಣಿಯ ಹಲಗೆಯಿಂದ ಉದ್ದದ ಬೆಂಚೊಂದನ್ನು ಮಾಡಿ, ಸಮುದ್ರದ ಕಡೆ ಮುಖ ಮಾಡಿ ಇಡುವುದನ್ನು ಬಿಟ್ಟು, ಲಾ ಸೆನ್ನಂಗನ ಮೆಟ್ಟಿಲಿನ ಕಡೆ ಮುಖ ಮಾಡಿ ಇಟ್ಟಿದ್ದ.

ದಿನವೂ ಸಂಜೆ ಲಾ ಸೆನ್ನಂಗ್ ಅವರಿಗೆ ಒಂದೇ ಮಾತು ಹೇಳುತ್ತಿದ್ದ. "ಸೂರ್ಯ ಅಲ್ಲಿ. ನಾನು ಇಲ್ಲಿ. ನಾನು ಮುಳುಗಲ್ಲ. ನಡೀರಿ." ಅವರು ನಗುತ್ತಿದ್ದರು. ಅವನು ಅವರ ಅಪ್ಪ, ಅಜ್ಜ, ಅವರ ಊರು, ಅವರ ಟೋಪಿ, ಅವರ ಮಕ್ಕಳನ್ನು ಸಾಕಿದ ರೀತಿ, ಇವುಗಳ ಬಗ್ಗೆ ವಿವರವಾಗಿ ಹೇಳುತ್ತಿದ್ದ. ಅವರು ಇನ್ನೂ ನಗುತ್ತಿದ್ದರು. ಕೊನೆಗೆ ಚಪ್ಪಲಿ.

ಈಗ ಆ ಚಪ್ಪಲಿಯೂ ಹೋಯಿತು. ಲಾ ಸೆನ್ನಂಗ್ ಎಡಗಾಲಿಗೆ ಹೆಂಡತಿಯ ಗುಲಾಬಿ ಹೂವಿನ ಚಪ್ಪಲಿ ಸಿಕ್ಕಿಸಿಕೊಂಡು ಕಾಫಿ ಅಂಗಡಿಯ ಕಡೆ ನಡೆದ.

ಊರ ಮುಖ್ಯಸ್ಥ ಆಂದಿ ಬಾಸೊ ಬೋರ್ಡಿನ ನೆರಳಲ್ಲೇ ಕಾಫಿ ಹೀರುತ್ತ ಕೂತಿದ್ದರು. ಸುತ್ತ ಹತ್ತು ಹನ್ನೆರಡು ಜನ. ಆಂದಿ ಎಂದರೆ ದೊಡ್ಡಮನೆಯವರು. ಅವರೊಡನೆ ಯಾವ ಮಾತಾಡಿದರೂ ಕೊನೆಗೊಂದು 'ಪುವಾಂಗ್' ಸೇರಿಸಲೇಬೇಕು, ಬುದ್ಧಿ ಅಂತ ಸೇರಿಸಿದ ಹಾಗೆ. ಜಗಳಕ್ಕೆ ಇದಕ್ಕಿಂತ ದೊಡ್ಡ ಅಡಚಣೆ ಇಲ್ಲ.

"ಈ ಹಲಗೇನ ಇವತ್ತೇ ಕೀಳಿಸ್ಬೇಕು, ಪುವಾಂಗ್."

"ಕೂತ್ಕೊಳ್ಳಿ ದಾಯೆಂಗ್." ಊರಿನ ಹಿರಿಯರನ್ನು ಅಣ್ಣ ಎಂಬ ಅರ್ಥದಲ್ಲಿ ಹಾಗೇ ಕರೆಯುವುದು. ಆಂದಿ ಬಾಸೊ ಅವನ ಕಾಲು ನೋಡಿದರು. "ಚಪ್ಪಲಿ ಚೆನ್ನಾಗಿದೆ."

"ನಂದು ಕಳವಾಗಿದೆ, ಪುವಾಂಗ್. ನಿಮ್ಮ ಅತಿಥಿಗಳು ಕದ್ದಿದಾರೆ. ಇವತ್ತು ಚಪ್ಪಲಿ, ನಾಳೆ ಲುಂಗಿ. ನೋಡಬೇಕಾದ ಸ್ಥಳ ಅಂತ ಬರೆದವರು ತಲೇಲಿ ಏನಿಟ್ಕೊಂಡು ಬರೆದ್ರು? ಒಣಮೀನಿನ ತಲೇಲೂ ಅದಕ್ಕಿಂತ ಜಾಸ್ತಿ ಇರುತ್ತೆ. ಪುವಾಂಗ್."

"ಬರೆದವನು ನಾನೇ."

"ಅದನ್ನೇ ಹೇಳ್ತಿದೀನಿ, ಪುವಾಂಗ್."

ಅಂಗಡಿಯಲ್ಲಿ ಯಾರೋ ಕಾಫಿ ನೆತ್ತಿಗೇರಿಸಿಕೊಂಡು ಕೆಮ್ಮಿದರು. ಆಂದಿ ಬಾಸೊ ಬೇಸರ ಮಾಡಿಕೊಳ್ಳಲಿಲ್ಲ. ಅವರು ಯಾವುದಕ್ಕೂ ಬೇಸರ ಮಾಡಿಕೊಳ್ಳದ ಮನುಷ್ಯ, ಬೈಯುವವರಿಗೆ ಅದೇ ದೊಡ್ಡ ಹಿಂಸೆ.

"ನೋಡಿ ದಾಯೆಂಗ್. ಬೋರ್ಡಿನ ಕಾಲು ಎರಡು ಮೊಳ ಸಿಮೆಂಟಿನಲ್ಲಿದೆ. ಜಿಲ್ಲಾ ಕಚೇರಿಯವರು ಬಂದು ರಿಬ್ಬನ್ ಕತ್ತರಿಸಿದಾರೆ. ಇದನ್ನ ಕೀಳೋದಕ್ಕಿಂತ ನಿಮ್ಮ ಮನೆ ಕೀಳೋದು ಸುಲಭ."

ತಮಾಷೆಗೆಂದು ಹೇಳಿದ ಮಾತು. ಎಲ್ಲರೂ ನಕ್ಕರು. ಲಾ ಸೆನ್ನಂಗ್ ನಗಲಿಲ್ಲ.

"ಹಂಗಾದ್ರೆ ಮನೇನೇ ಕೀಳ್ತೀನಿ," ಎಂದ. "ಇವತ್ತೇ. ಇಳಿಹೊತ್ತಿನ ನಮಾಜು ಮುಗಿದ ಮೇಲೆ."

ನಗು ನಿಂತಿತು. ಆಡಿದ ಮಾತು ಅವನಿಗೂ ಆಮೇಲೆಯೇ ಕೇಳಿಸಿತು. ಆದರೆ ಹನ್ನೆರಡು ಜನರ ಎದುರು ಬಾಯಿಂದ ಹೊರಬಿದ್ದ ಮಾತನ್ನು ನುಂಗಿಕೊಂಡವನು ಆ ಊರಿನಲ್ಲಿ ಮತ್ತೆ ಕಾಫಿ ಕುಡಿಯಬೇಕಾದರೆ ಮುಖ ಮುಚ್ಚಿಕೊಂಡು ಕುಡಿಯಬೇಕು.

"ಎಲ್ಲಿಗೆ ಒಯ್ತೀರಿ?" ಎಂದು ಕೇಳಿದವನು ಲಾ ಉಪೆ. ಅವನ ಧ್ವನಿಯಲ್ಲಿ ಅದೇಕೋ ಗಾಬರಿಯಿತ್ತು.

"ನನ್ನ ಮಾವನ ಜಾಗಕ್ಕೆ. ಐಸ್ ಕಾರ್ಖಾನೆ ಗೋಡೆ ಹಿಂದೆ. ಅಲ್ಲಿಂದ ಸೂರ್ಯ ಕಾಣಲ್ಲ, ಚಂದ್ರನೂ ಕಾಣಲ್ಲ. ಬರೋರು ಗೋಡೆ ನೋಡ್ಕೊಂಡು ಹೋಗ್ಲಿ."

"ನಿಮಗೂ ಕಾಣಲ್ವಲ್ಲ, ದಾಯೆಂಗ್?"

"ಮೂವತ್ತೆರಡು ವರ್ಷ ನೋಡಿದೀನಿ. ಅವನಲ್ಲಿ ಹೊಸದೇನೂ ಇಲ್ಲ."

ಮನೆ ಹೊರುವುದು ಆ ಊರಿನವರಿಗೆ ಹೊಸದಲ್ಲ. ಕಂಬದ ಮೇಲೆ ನಿಂತ ಮರದ ಮನೆ, ಕಂಬಗಳಿಗೆ ಬಿದಿರು ಕಟ್ಟಿ ನೂರೈವತ್ತು ಜನ ಹೆಗಲು ಕೊಟ್ಟರೆ ಏಳಲೇಬೇಕು. ಕೂಲಿಯೇನಿಲ್ಲ, ಹೊಟ್ಟೆ ತುಂಬ ಊಟ. ಮಸೀದಿಯಿಂದ ನೇರ ಬಂದು, ಹೊತ್ತು, ಇಳಿಸಿ, ಉಂಡು ಹೋಗುವುದು. ಹೊರುವುದಕ್ಕೆ ಬಾರದವನು ಉಣ್ಣುವುದಕ್ಕೆ ಬರುವಂತಿಲ್ಲ, ಆದ್ದರಿಂದ ಎಲ್ಲರೂ ಬರುತ್ತಾರೆ. ಸುದ್ದಿ ಹರಡಲು ಅರ್ಧ ತಾಸೂ ಬೇಕಾಗಲಿಲ್ಲ.

ಲಾ ಸೆನ್ನಂಗ್ ಮನೆಗೆ ಮರಳಿದಾಗ ಹೆಂಡತಿ ಆಗಲೇ ತೆಂಗಿನಕಾಯಿ ತುರಿಯುತ್ತಿದ್ದಳು.

"ನಿಂಗೆ ಯಾರು ಹೇಳಿದ್ರು?"

"ಹೇಳ್ದೆ ಇದ್ದೋರು ಯಾರು ಅಂತ ಕೇಳಿ. ನೂರೈವತ್ತು ಜನಕ್ಕೆ ಅಡಿಗೆ. ಸಿಟ್ಟು ನಿಮ್ಮದು, ಬೆವರು ನಂದು."

"ಬೇಡ ಅಂತೀಯಾ?"

"ಬೇಡ ಅಂತ ಯಾಕಂತೀನಿ? ನಮ್ಮಪ್ಪನ ಜಾಗ. ಒಂದೇ ಮಾತು. ಅಡುಗೆಮನೆ ಕಿಟಕಿ ರಸ್ತೆ ಕಡೆ ಬರ್ಬೇಕು."

"ಯಾಕೆ?"

"ಗಾಳಿಗೆ," ಎಂದಳು ಬೆಚ್ಚೆ. ಅವಳು ದಿನವೂ ಸಂಜೆ ಆ ಕಿಟಕಿಯಿಂದ ಬಾಳೆಹಣ್ಣಿನ ಬೋಂಡ ಮಾರುತ್ತಿದ್ದಳು. ಗಂಡನಿಗೆ ಅದು ಗೊತ್ತಿರಲಿಲ್ಲ. ಬೋಂಡ ಬೇಯುವ ಹೊತ್ತಿಗೆ ಅವನು ಮೆಟ್ಟಿಲಲ್ಲಿ, ಕಿಟಕಿಗೆ ಬೆನ್ನು ಹಾಕಿ, ಬಯ್ಯುತ್ತಿರುತ್ತಿದ್ದ.

ನಮಾಜಿಗೆ ಮುಂಚೆ ಉವಾ ತಹೆ ಬಂದ. ಉವಾ ಎಂದರೆ ದೊಡ್ಡಪ್ಪ. ತಹೆ ಆ ಸೀಮೆಗೆಲ್ಲ ಒಬ್ಬನೇ ಮನೆಪಂಡಿತ. ಯಾವ ಮನೆಯನ್ನು ಯಾವ ದಿನ ಎತ್ತಬೇಕು, ಯಾವ ದಿಕ್ಕಿಗೆ ಇಳಿಸಬೇಕು ಎಂಬುದೆಲ್ಲ ಅವನ ಹಲ್ಲಿಲ್ಲದ ಬಾಯಲ್ಲಿತ್ತು. ಮನೆಯೊಳಗೆ ಹೋಗಿ ನಡುಗಂಬವನ್ನು, ಅಂದರೆ ಮನೆಯ ಹೊಕ್ಕುಳನ್ನು, ಮೂರು ಸಲ ತಟ್ಟಿ ಕಿವಿ ಇಟ್ಟು ಕೇಳಿದ. ಹೊರಗೆ ಬಂದು ಲಾ ಸೆನ್ನಂಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ದಿನ ಒಳ್ಳೇದು. ಮನೆ ಗಟ್ಟಿ ಇದೆ. ತೊಂದರೆ ಇರೋದು ನಿನ್ನ ನಾಲಿಗೇಲಿ."

"ನನ್ನ ನಾಲಿಗೆಗೇನಾಗಿದೆ, ಉವಾ?"

"ಮನೆ ಹೆಗಲ ಮೇಲಿರುವಾಗ ಯಜಮಾನ ಒಂದು ಬಿರುನುಡಿ ಆಡಬಾರದು. ಆಡಿದ್ರೆ ಮನೆ ಭಾರ ಆಗುತ್ತೆ. ನಡುದಾರಿಯಲ್ಲೇ ಕೂತ್ಬಿಡುತ್ತೆ. ನಡುಗಂಬ ಹೊಸ ಕಲ್ಲಿನ ಮೇಲೆ ಕೂರೋ ತನಕ ಬಾಯಿ ಸಿಹಿಯಾಗಿರ್ಬೇಕು."

ಈ ನಿಯಮವನ್ನು ಊರಿನಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಆದರೆ ಪಂಡಿತನ ಮಾತಿಗೆ ಎದುರಾಡುವವರಿಲ್ಲ. ನಡುದಾರಿಯಲ್ಲಿ ಕೂತ ಮನೆಯ ಯಜಮಾನನಾಗಿ ಊರ ಬಾಯಿಗೆ ಬೀಳುವುದಕ್ಕಿಂತ ಎರಡು ತಾಸು ಬಾಯಿ ಮುಚ್ಚುವುದು ಲೇಸೆಂದು ಲಾ ಸೆನ್ನಂಗ್ ಒಪ್ಪಿಕೊಂಡ. ಅವನ ಜೀವಮಾನದಲ್ಲಿ ಎರಡು ತಾಸು ಎಂದರೆ ಎಷ್ಟು ಎಂದು ಅವನಿಗೆ ಆಗಿನ್ನೂ ತಿಳಿದಿರಲಿಲ್ಲ.

ಇಳಿಹೊತ್ತಿನ ನಮಾಜು ಮುಗಿಯಿತು. ಟೋಪಿ ತೆಗೆಯದೆ, ಲುಂಗಿ ಎತ್ತಿ ಕಟ್ಟಿ ಜನ ಬಂದರು. ಮೆಟ್ಟಿಲನ್ನು ಬಿಚ್ಚಿ ಇಬ್ಬರು ಬೇರೆಯಾಗಿ ಹೊತ್ತರು. ಬಿದಿರು ಕಟ್ಟಿದರು. ಉವಾ ತಹೆ ಒಂದು ಸ್ಟೂಲಿನ ಮೇಲೆ ಹತ್ತಿ, ಕೈಮೈಕನ್ನು ಬಾಯಿಗೆ ಹಿಡಿದು, "ಒಂದು, ಎರಡು," ಎಂದ. ಮೂರು ಎನ್ನುವ ಮೊದಲೇ ಮನೆ ಎದ್ದಿತು. ಉಣ್ಣುವ ಆತುರ ಯಾವತ್ತೂ ಎಣಿಕೆಗೆ ಕಾಯುವುದಿಲ್ಲ.

ಮನೆ ಎದ್ದಾಗ ಲಾ ಉಪೆಯ ಮೇಕೆಯೂ ಎದ್ದಿತು. ಅದನ್ನು ಕಂಬಕ್ಕೆ ಕಟ್ಟಿದ್ದನ್ನು ಯಾರೂ ಬಿಚ್ಚಿರಲಿಲ್ಲ. ಮುಂಗಾಲು ನೆಲಕ್ಕೆ ತಾಗದೆ, ಹಿಂಗಾಲಲ್ಲಿ ಕುಣಿಯುತ್ತ, ಅದು ನೂರೈವತ್ತು ಜನರ ನಡುವೆ ಸಿಕ್ಕಿದವರಿಗೆಲ್ಲ ಒದೆಯಿತು. ಒದೆ ತಿಂದವರು ಪಕ್ಕಕ್ಕೆ ಸರಿದರು. ಮನೆ ಪಕ್ಕಕ್ಕೆ ವಾಲಿತು. ಒಳಗೆ ಏನೋ ಪಳಪಳ ಒಡೆಯಿತು.

"ಅದು ಪಿಂಗಾಣಿ ಹೂಜಿ," ಎಂದು ಬೆಚ್ಚೆ ದೂರದಿಂದಲೇ ಹೇಳಿದಳು.

ಲಾ ಸೆನ್ನಂಗ್ ಲಾ ಉಪೆಯ ಕಡೆ ತಿರುಗಿದ. ಅವನ ಗಂಟಲಲ್ಲಿ ಮೇಕೆಯ, ಮೇಕೆಯ ಒಡೆಯನ, ಒಡೆಯನ ಅಪ್ಪನ ಕುರಿತು ಮೂರು ವಾಕ್ಯಗಳು ಸಾಲಾಗಿ ನಿಂತಿದ್ದವು. ಉವಾ ತಹೆ ಮೈಕಿನಲ್ಲಿ ಕೆಮ್ಮಿದ.

"ನಿನ್ನ ಮೇಕೆ," ಎಂದ ಲಾ ಸೆನ್ನಂಗ್, ಮೀನಿನ ಮುಳ್ಳು ಉಗುಳುವವನ ಹಾಗೆ, "ತುಂಬಾ ಲಕ್ಷಣವಾಗಿದೆ."

ಲಾ ಉಪೆ ಬೆಚ್ಚಿದ. ಹೆಗಲ ಮೇಲಿದ್ದ ಅವನ ಉದ್ದದ ಬೆಂಚು ಗಿರ್ರನೆ ತಿರುಗಿ ಮಸೀದಿಯಲ್ಲಿ ಬಾಂಗು ಕೂಗುವ ಮುಅಜ್ಜಿನನ ಟೋಪಿಯನ್ನು ಹಾರಿಸಿತು.

"ಬೆಂಚು ಯಾಕೆ ತರ್ತಿದೀಯ, ತಮ್ಮಾ?" ಎಂದು ಲಾ ಸೆನ್ನಂಗ್ ಅದೇ ಸಿಹಿ ದನಿಯಲ್ಲಿ ಕೇಳಿದ.

"ಊಟಕ್ಕೆ ಕೂರೋಕೆ, ದಾಯೆಂಗ್," ಎಂದ ಲಾ ಉಪೆ, ಅವನ ಕಣ್ಣು ತಪ್ಪಿಸಿ.

ಮುನ್ನೂರು ಹೆಜ್ಜೆಯ ದಾರಿ. ನೂರನೆಯ ಹೆಜ್ಜೆಯಲ್ಲಿ ವಿದ್ಯುತ್ ತಂತಿ ಅಡ್ಡ ಬಂತು. ಅದನ್ನು ಬಿದಿರಿನಿಂದ ಎತ್ತಿ ಹಿಡಿಯುವ ತನಕ ಮನೆ ಹೆಗಲ ಮೇಲೇ ನಿಂತಿತು. ಆ ಬಿಡುವಿನಲ್ಲಿ ಹೊರುವವರು ಲಾ ಸೆನ್ನಂಗನ ಹಲಸಿನ ಗಿಡಕ್ಕೆ ಮನೆಯ ಮೂಲೆಯನ್ನು ಆನಿಸಿದರು. ಒಂಬತ್ತು ವರ್ಷ ಕಾದು, ಮೊದಲ ಸಲ ಕಾಯಿ ಬಿಟ್ಟಿದ್ದ ಗಿಡ. ಅದು ಸದ್ದಿಲ್ಲದೆ ಮಲಗಿತು.

"ಪರವಾಗಿಲ್ಲ, ಪರವಾಗಿಲ್ಲ," ಎಂದ ಲಾ ಸೆನ್ನಂಗ್. ಅವನ ಹಣೆಯ ನರವೊಂದು ಬಲೆಗೆ ಬಿದ್ದ ಹಾವುಮೀನಿನ ಹಾಗೆ ಒದ್ದಾಡುತ್ತಿತ್ತು.

ಇನ್ನೂರನೆಯ ಹೆಜ್ಜೆಯಲ್ಲಿ ಮೈಕಿನ ಬ್ಯಾಟರಿ ಸತ್ತಿತು. ಉವಾ ತಹೆ ಎಡಕ್ಕೆ ಎಂದು ಕೂಗಿದ್ದು ಮುಂದಿನವರಿಗೆ ಕೇಳಿತು, ಹಿಂದಿನವರಿಗೆ ಕೇಳಲಿಲ್ಲ. ಮುಂದಿನವರು ಎಡಕ್ಕೆ ಹೋದರು, ಹಿಂದಿನವರು ತಮಗೆ ತೋಚಿದ ಕಡೆ ಹೋದರು. ನಡುವೆ ಮೇಕೆ ತನಗೆ ತೋಚಿದ ಕಡೆ ಹೋಯಿತು. ಮನೆ ತನ್ನ ಹೊಕ್ಕುಳ ಸುತ್ತ ತಾನೇ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿತು.

ಆ ಹೊತ್ತಿಗೆ ಸರಿಯಾಗಿ ಮಕಸ್ಸಾರಿನ ಎರಡು ವ್ಯಾನುಗಳು ಬಂದವು. ಆರನೆಯ ಸ್ಥಳದಲ್ಲಿ ಇಳಿದ ಜನ ಕಂಬಗಳಿದ್ದ ನಾಲ್ಕು ಸಾಲು ಕಲ್ಲುಗಳನ್ನು, ಅಳುತ್ತಿದ್ದ ಕೋಳಿಗಳನ್ನು, ಅವುಗಳ ಹಿಂದೆ ಸ್ವಚ್ಛವಾಗಿ ಕಾಣುತ್ತಿದ್ದ ಇಡೀ ಸಮುದ್ರವನ್ನು, ಅದರ ಮೇಲೆ ಕೆಂಪಾಗತೊಡಗಿದ ಸೂರ್ಯನನ್ನು ನೋಡಿದರು. ಒಬ್ಬರೂ ಅಲ್ಲಿ ನಿಲ್ಲಲಿಲ್ಲ. "ಅಯ್ಯೋ, ಅಲ್ಲಿ ಹೋಗ್ತಿದೆ," ಎಂದು ಮನೆಯ ಹಿಂದೆ ಓಡಿಬಂದರು.

ನೀಲಿ ಮುಸುಕಿನ ಹೆಂಗಸೊಬ್ಬಳು ಏದುಸಿರು ಬಿಡುತ್ತ ಲಾ ಸೆನ್ನಂಗನ ಪಕ್ಕಕ್ಕೆ ಬಂದಳು. "ಚಿಕ್ಕಪ್ಪಾ, ನಾವು ಸರಿಯಾದ ಹೊತ್ತಿಗೆ ಬಂದ್ವಾ?"

ಲಾ ಸೆನ್ನಂಗ್ ಅವಳನ್ನು ನೋಡಿದ. ಮನೆಯನ್ನು ನೋಡಿದ. ಉವಾ ತಹೆ ತುಟಿಯ ಮೇಲೆ ಬೆರಳಿಟ್ಟಿದ್ದ.

"ಬನ್ನಿ ಮಗಳೇ," ಎಂದ. "ಸ್ವಾಗತ. ಕಾಲಿಗೆ ಮುಳ್ಳು ಚುಚ್ಚೀತು, ಜೋಪಾನ."

ಹೆಂಗಸಿನ ಮುಖ ಬಾಡಿತು. ಅವಳು ಹಿಂದೆ ಸರಿದು ತನ್ನವರಿಗೆ ಪಿಸುಗುಟ್ಟಿದಳು. "ಏನೋ ಹುಷಾರಿಲ್ಲ ಅನ್ಸುತ್ತೆ, ಪಾಪ."

"ಇಷ್ಟು ದೂರ ಬಂದದ್ದು ದಂಡ," ಎಂದು ಕನ್ನಡಕದ ಗಂಡಸೊಬ್ಬ ಗೊಣಗಿದ.

ಲಾ ಸೆನ್ನಂಗನಿಗೆ ಅದು ಕೇಳಿಸಿತು. ದಂಡವಂತೆ. ಸೂರ್ಯ ಅಲ್ಲೇ ಇದ್ದಾನೆ, ತಿರುಗಿ ನೋಡಲು ಇವರಿಗೆ ಕತ್ತಿಲ್ಲ. ಅವನು ಈ ಮಾತನ್ನೂ ಉಳಿದವುಗಳ ಜೊತೆ ಗಂಟಲಿನಲ್ಲಿ ಪೇರಿಸಿಟ್ಟ. ಅಲ್ಲಿ ಈಗ ಜಾಗ ಕಡಿಮೆಯಾಗುತ್ತ ಬಂದಿತ್ತು.

ಮನೆ ಕೊನೆಗೂ ಮಾವನ ಜಾಗಕ್ಕೆ ತಲುಪಿ ಇಳಿಯಿತು. ಹೊಕ್ಕುಳಗಂಬ ಹೊಸ ಕಲ್ಲಿನ ಮೇಲೆ ಕೂತಿತು. ಉವಾ ತಹೆ ಅದನ್ನು ತಟ್ಟಿ, "ಆಯ್ತು," ಎಂದ. ನೂರೈವತ್ತು ಜನ ಬಿದಿರು ಬಿಸಾಡಿ ಊಟದ ಕಡೆ ಓಡಿದರು. ಆಮೇಲಷ್ಟೇ ಲಾ ಸೆನ್ನಂಗ್ ಮನೆಯನ್ನು ಸರಿಯಾಗಿ ನೋಡಿದ. ಪ್ರದಕ್ಷಿಣೆಯ ಲೆಕ್ಕದಲ್ಲಿ ಎಲ್ಲೋ ಏರುಪೇರಾಗಿತ್ತು. ಮುಂಬಾಗಿಲು ಗೋಡೆಯ ಕಡೆ ಇರಬೇಕಾಗಿದ್ದದ್ದು ರಸ್ತೆಯ ಕಡೆ ಬಂದಿತ್ತು. ಅಡುಗೆಮನೆಯ ಕಿಟಕಿಯೂ ಅದೇ ಕಡೆ. ಆಗಲೇ ಆ ಕಿಟಕಿಯಲ್ಲಿ ಬೆಚ್ಚೆಯ ತಲೆ ಕಾಣಿಸಿಕೊಂಡು, ಎಣ್ಣೆ ಚುರುಗುಟ್ಟತೊಡಗಿತ್ತು. ಮೆಟ್ಟಿಲು ಹೊತ್ತಿದ್ದ ಇಬ್ಬರೂ ಅದನ್ನು ರಸ್ತೆಗೆ ಹತ್ತು ಮಾರು ದೂರದಲ್ಲಿ ನಿಲ್ಲಿಸಿ ಊಟಕ್ಕೆ ಕೂತಿದ್ದರು.

ಆದರೂ ಅವನು ಗೆದ್ದಿದ್ದ. ಎದುರಿಗೆ ರಸ್ತೆ, ಬೆನ್ನಿಗೆ ಐಸ್ ಕಾರ್ಖಾನೆಯ ಪಾಚಿ ಹಿಡಿದ ಗೋಡೆ, ಅಷ್ಟೇ. ಇಲ್ಲಿ ನೋಡುವಂಥದ್ದು ಭೂಮಿಯ ಮೇಲೆ ಏನೂ ಇಲ್ಲ. ಅವನು ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತ. ಹೊಸ ಜಾಗದಲ್ಲಿ ಮೊದಲ ಗುಟುಕು. ಈಗ ಬಯ್ಯುವುದಕ್ಕೆ ಅಡ್ಡಿಯಿರಲಿಲ್ಲ, ಆದರೆ ಗೆದ್ದವನು ಬಯ್ಯುವುದೇಕೆ?

ಆಗ ಆಂದಿ ಬಾಸೊ ಬಂದರು. ಒಂದು ಕೈಯಲ್ಲಿ ಸುತ್ತಿಗೆ. ಇನ್ನೊಂದು ಕೈಯಲ್ಲಿ ಬಾಣದ ಹಲಗೆ, ದೋಣಿಯ ಮೊಳೆಯ ಸಮೇತ.

"ಬನ್ನಿ, ಪುವಾಂಗ್," ಎಂದ ಲಾ ಸೆನ್ನಂಗ್ ದೊಡ್ಡ ಮನಸ್ಸಿನಿಂದ. "ನೀವೇ ಕಿತ್ತು ತಂದ್ರಾ? ಮುಂಚೇನೇ ಮಾಡಿದ್ರೆ ಒಂದು ಹೂಜಿ, ಒಂದು ಹಲಸಿನ ಗಿಡ ಉಳೀತಿತ್ತು. ಇರ್ಲಿ. ತಪ್ಪು ಒಪ್ಕೊಳ್ಳೋದೂ ದೊಡ್ಡತನವೇ."

"ನಿಮ್ಮ ಅತಿಥಿಗಳು ದಾರಿ ತಪ್ತಿದಾರೆ ದಾಯೆಂಗ್. ಅದಕ್ಕೇ," ಎನ್ನುತ್ತ ಆಂದಿ ಬಾಸೊ, ಮೆಟ್ಟಿಲ ಪಕ್ಕದ ಮಾವಿನಮರಕ್ಕೆ ಹಲಗೆ ಒತ್ತಿ ಹಿಡಿದು ಮೊಳೆ ಹೊಡೆಯತೊಡಗಿದರು.

ಎರಡು ತಾಸು ಗಂಟಲಲ್ಲಿ ಪೇರಿಸಿಟ್ಟದ್ದೆಲ್ಲ ಒಮ್ಮೆಗೇ ಹೊರಟಿತು. ಲಾ ಸೆನ್ನಂಗ್ ಎದ್ದು ನಿಂತ. ಮೊದಲು ಹಲಗೆ, ಆಮೇಲೆ ಸುತ್ತಿಗೆ, ಆಮೇಲೆ ಸುತ್ತಿಗೆ ಹಿಡಿದ ಕೈ, ಪುವಾಂಗ್, ಆ ಕೈಗೆ ಸಹಿ ಹಾಕಲು ಕಲಿಸಿದ ಮೇಷ್ಟರು, ಪುವಾಂಗ್. ಅಲ್ಲಿಂದ ಲಾ ಉಪೆಯ ಮೇಕೆ, ಅದಕ್ಕಿಂತ ಬುದ್ಧಿ ಕಡಿಮೆಯಿರುವ ಅದರ ಒಡೆಯ, ಎಡಬಲ ತಿಳಿಯದ ನೂರೈವತ್ತು ಹೊಟ್ಟೆಗಳು, ಹಲ್ಲಿನ ಹಿಂದೆಯೇ ಬ್ಯಾಟರಿಯೂ ಬಿದ್ದುಹೋದ ಪಂಡಿತ. "ಸೂರ್ಯ ಎಲ್ಲಿದಾನೆ ಇಲ್ಲಿ? ತೋರಿಸಿ. ಗೋಡೇಲಿ ಇದಾನಾ? ನನ್ನ ಲುಂಗೀಲಿ ಇದಾನಾ? ಸೂರ್ಯ ಅಲ್ಲಿ. ನಾನು ಇಲ್ಲಿ."

"ನಾನು ಮುಳುಗಲ್ಲ. ನಡೀರಿ," ಎಂದು ಮೂವತ್ತು ದನಿಗಳು ಒಟ್ಟಿಗೆ ಹೇಳಿದವು.

ಅವನು ತಿರುಗಿ ನೋಡಿದ. ಲಾ ಉಪೆಯ ಬೆಂಚು ಮೆಟ್ಟಿಲಿಗೆ ಎದುರಾಗಿ ಬಂದು ಕೂತಿತ್ತು. ಅದರ ಮೇಲೆ ಎರಡು ವ್ಯಾನಿನ ಜನ, ಕೈಯಲ್ಲಿ ಬೋಂಡ, ಮುಖದ ತುಂಬ ನಗು. ಜಾಗ ಸಿಗದವರು ನೆಲದ ಮೇಲೆ. ನೀಲಿ ಮುಸುಕಿನ ಹೆಂಗಸು ಕಣ್ಣೊರೆಸಿಕೊಳ್ಳುತ್ತಿದ್ದಳು. "ದೇವರು ದೊಡ್ಡವನು. ಹುಷಾರಾದ್ರು," ಎಂದಳು.

ಲಾ ಸೆನ್ನಂಗ್ ಬೆಂಚಿನತ್ತ ಬೆರಳು ತೋರಿಸಿದ. "ಲಾ ಉಪೆ," ಎಂದ, "ಏನಿದು?"

ಲಾ ಉಪೆ ಆಂದಿ ಬಾಸೊ ಅವರ ಮುಖ ನೋಡಿದ. ಅವರು ತಲೆಯಾಡಿಸಿದರು. ಲಾ ಉಪೆ ತನ್ನ ಮೊಬೈಲು ತೆಗೆದು, ಅದನ್ನು ಮೂಗಿಗೆ ಹತ್ತಿರ ಹಿಡಿದು ಓದಿದ. ಬಂದುಹೋದವರು ಬರೆದದ್ದು.

"'ಲಾಬುಂಗೆಯ ಲಂಗರು ನೋಡಿದೆವು, ಲಂಗರೇ. ಮೀನುಹೊಂಡ ನೋಡದಿದ್ದರೂ ನಡೆಯುತ್ತದೆ. ಆರನೆಯ ಸ್ಥಳವನ್ನು ಮಾತ್ರ ಬಿಡಬೇಡಿ. ಸೂರ್ಯ ನಮ್ಮೂರಿನಲ್ಲೂ ಮುಳುಗುತ್ತಾನೆ. ಇಂಥ ಬೈಗುಳ ನಮ್ಮೂರಿನಲ್ಲಿಲ್ಲ.' ಇನ್ನೊಂದು, ದಾಯೆಂಗ್. 'ನಮ್ಮ ಮಾವನವರನ್ನು ಕರೆದುಕೊಂಡು ಹೋಗಿದ್ದೆವು. ಅವರ ಟೋಪಿಯೊಂದಕ್ಕೇ ಅರ್ಧ ತಾಸು ಬೈದರು. ಎರಡು ವರ್ಷದಲ್ಲಿ ಮಾವ ಮೊದಲ ಸಲ ನಕ್ಕರು.' ಇದು ನಿನ್ನೆದು. 'ಸೂರ್ಯ ಎಲ್ಲಿ ಎಂದು ಮೂರು ಸಲ ಕೇಳಿದರೆ ಚಪ್ಪಲಿ ಎಸೆಯುತ್ತಾರೆ. ಧೈರ್ಯವಾಗಿ ಕೇಳಿ.'"

ಲಾ ಸೆನ್ನಂಗ್ ನಿಧಾನವಾಗಿ ಕೂತ. "ಊರಿಗೆಲ್ಲ ಗೊತ್ತಿತ್ತಾ?"

"ಹೇಳಿದ್ರೆ ನಿಲ್ಲಿಸಿಬಿಡ್ತೀರಿ ಅಂತ ಭಯ," ಎಂದರು ಆಂದಿ ಬಾಸೊ, ಕೊನೆಯ ಪೆಟ್ಟು ಹೊಡೆದು.

ಅವನು ಅಡುಗೆಮನೆಯ ಕಿಟಕಿಯ ಕಡೆ ನೋಡಿದ. ಬೆಚ್ಚೆ ಬೋಂಡ ಮಗುಚುವುದರಲ್ಲಿ ತಲ್ಲೀನಳಾಗಿದ್ದಳು.

ಲಾ ಸೆನ್ನಂಗ್ ಮೂರ್ಖನಲ್ಲ. ಬಯ್ದರೆ ಸೋತ ಹಾಗೆ ಎಂದು ಅವನಿಗೆ ತಕ್ಷಣ ಹೊಳೆಯಿತು. ಕಾಫಿಯ ಲೋಟ ಎತ್ತಿಕೊಂಡ. ತುಟಿಗಳನ್ನು ಎರಡೂ ಕಡೆಗೆ ಎಳೆದು, ಕಷ್ಟಪಟ್ಟು, ಒಂದು ನಗೆ ತಂದುಕೊಂಡ. ಬೆಂಚಿನ ಕಡೆ ನೋಡಿ ತಲೆಬಾಗಿದ. ಬೆಂಚು ಕಾಯಿತು. ಅವನು ಇನ್ನೂ ಅಗಲವಾಗಿ ನಕ್ಕ. ಮಗುವೊಂದು ಹೆದರಿ ಅಮ್ಮನ ಮಡಿಲಲ್ಲಿ ಮುಖ ಮುಚ್ಚಿಕೊಂಡಿತು. ಕನ್ನಡಕದವನು ಗಡಿಯಾರ ನೋಡಿಕೊಂಡ. ಒಬ್ಬಿಬ್ಬರು ಎದ್ದು ಲುಂಗಿ ಕೊಡವಿದರು. ಆಂದಿ ಬಾಸೊ ಅವರ ಮುಖದಲ್ಲಿ ಜೀವಮಾನದಲ್ಲಿ ಮೊದಲ ಸಲ ಬೇಸರದ ಗೆರೆಯೊಂದು ಮೂಡಿತು. ಅದನ್ನು ನೋಡಿ ಲಾ ಸೆನ್ನಂಗನ ನಗೆ ನಿಜವಾಗತೊಡಗಿತು.

ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಒಬ್ಬ ದಪ್ಪ ಮನುಷ್ಯ ದಾರಿ ಮಾಡಿಕೊಂಡು ಮುಂದೆ ಬಂದ. ನಿನ್ನೆಯವನೇ. ಚೀಲದಿಂದ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ತೆಗೆದು, ಬಿಚ್ಚಿ, ಎರಡೂ ಕೈಯಲ್ಲಿ ಮುಂದೆ ಹಿಡಿದ. ಎಡಗಾಲ ಚಪ್ಪಲಿ. ತೊಳೆದು, ಒರೆಸಿ, ಉಂಗುಷ್ಟದ ಹರಿದ ಬಾರಿಗೆ ಹೊಲಿಗೆಯನ್ನೂ ಹಾಕಿಸಿದ್ದ.

"ಪುವಾಂಗ್," ಎಂದ ಅವನು ಬಹಳ ವಿನಯದಿಂದ. "ನಿನ್ನೆ ಅವಸರದಲ್ಲಿ ಮರೆತೆ. ಮನೇಲಿ ಗಾಜು ಹಾಕಿಸಿ ಗೋಡೆಗೆ ತೂಗುಹಾಕ್ಬೇಕು ಅಂತಿದೀವಿ. ಇಲ್ಲೊಂದು ನಿಮ್ಮ ಸಹಿ ಬೇಕಿತ್ತು."

ಲಾ ಸೆನ್ನಂಗ್ ಚಪ್ಪಲಿಯನ್ನು ತೆಗೆದುಕೊಂಡ. ಪೆನ್ನನ್ನು ತೆಗೆದುಕೊಳ್ಳಲಿಲ್ಲ. ನಗೆ ಮುಖದ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು, ಹುಟ್ಟು ಕಳೆದುಕೊಂಡ ದೋಣಿಯ ಹಾಗೆ. ಆಮೇಲೆ ಅವನು ಎಸೆದ.

ಗುರಿ ತಪ್ಪಲಿಲ್ಲ. ಚಪ್ಪಲಿ ಮತ್ತೆ ಸಿಗಲಿಲ್ಲ. ಆರನೆಯ ಸ್ಥಳವು ಈಗ ರಸ್ತೆಗೆ ಹತ್ತು ಮಾರು ದೂರದಲ್ಲಿದೆ, ಮಳೆಗಾಲದಲ್ಲೂ ನೋಡಬಹುದು.